ನವನಗರದ ನಕ್ಷೆಯೂ ನಮ್ಮ ಓಣಿಯ ಕಟ್ಟೆಯೂ

ಕೃಷ್ಣೆಯ ದಂಡೆಯ ಮೇಲೆ ತಲೆತಲಾಂತರದಿಂದ ಬಾಳಿಕೊಂಡು ಬಂದ ನಮ್ಮ ಸಮಾಜದ ಕುಟುಂಬಗಳಿಗೆ ಊರು ಬಿಡುವ ಮಾತು ಹೊಸದೇನೂ ಅಲ್ಲ. ಹಿಪ್ಪರಗಿಯ ಬ್ಯಾರೇಜಿನಿಂದ ಹಿಡಿದು ಕೆಳಗೆ ಆಲಮಟ್ಟಿಯವರೆಗೆ ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ತಾಲೂಕುಗಳ ನದೀತೀರದಲ್ಲಿ ಒಮ್ಮೆ ಸುತ್ತಿ ಬಂದರೆ ಸಾಕು. ಕೆಲವು ಊರುಗಳು ಸರಿದು ಹೋಗಿವೆ, ಕೆಲವು ಅರ್ಧ ಸರಿದಿವೆ, ಉಳಿದವು ಸರಿಯಬೇಕಾದೀತೆಂಬ ಅಂಜಿಕೆಯಲ್ಲಿ ದಿನ ನೂಕುತ್ತಿವೆ. ಘಟಪ್ರಭೆಯ ದಂಡೆಯ ಮುಧೋಳ ಸೀಮೆಯದೂ ಇದೇ ಕಥೆ. 2005, 2009 ಮತ್ತು 2019ರ ಮಹಾಪೂರಗಳು ಈ ಅಂಜಿಕೆಯನ್ನು ಮತ್ತಷ್ಟು ಬಲಪಡಿಸಿವೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿರಿಸಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು 519.6 ಮೀಟರ್ ಮಟ್ಟದವರೆಗೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ನೀಡಿದ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ನಿಲ್ಲಿಸಲು ಅವಕಾಶವಿತ್ತಿದೆ. ಈ ಹೆಚ್ಚಿನ ಎತ್ತರಕ್ಕಾಗಿ ಮುಳುಗಡೆಯಾಗುವ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳ ದರವನ್ನು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿತು. ಅಂದಿನಿಂದ ಮನೆ ಮನೆಗಳಲ್ಲಿ ದರದ್ದೇ ಮಾತು. ಅದು ಸಹಜವೂ ಹೌದು. ಹೊಲ ಕಳೆದುಕೊಳ್ಳುವವನು ಬೆಲೆಯನ್ನು ಕೇಳದೆ ಇನ್ನೇನನ್ನು ಕೇಳಿಯಾನು? ಆದರೆ ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಬೇರೆಯದು. ಹೊಲಕ್ಕೆ ದರ ಬಂದೀತು, ಮನೆಗೆ ಪ್ಲಾಟು ಸಿಕ್ಕೀತು. ಆ ಪ್ಲಾಟುಗಳನ್ನೆಲ್ಲ ಕೂಡಿಸಿದಾಗ ಅದು ಊರು ಆದೀತೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ, ಜಗತ್ತಿಗೆ ಹೆಸರಾದ ವಾಸ್ತುಶಿಲ್ಪಿಯೊಬ್ಬರ ಕೈಯಿಂದ ಈ ಪ್ರಯೋಗ ನಡೆದಿದೆ.

ಮುಂದುವರಿಯುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ವಾಸ್ತುಶಿಲ್ಪದ ಸಿದ್ಧಾಂತ ಎಂದೊಡನೆ ನಮ್ಮ ಅನೇಕ ಬಂಧುಗಳ ಮನಸ್ಸು ಈಶಾನ್ಯ, ಆಗ್ನೇಯಗಳ ಕಡೆಗೆ ಹರಿಯುತ್ತದೆ. ವಾಸ್ತುವಿನ ಹೆಸರಿನಲ್ಲಿ ಚೆನ್ನಾಗಿದ್ದ ಅಡುಗೆಮನೆಯ ಗೋಡೆಯನ್ನು ಒಡೆಸಿ, ಬಾಗಿಲನ್ನು ತಿರುಗಿಸಿ, ಸಾಲ ಮಾಡಿಕೊಂಡ ಮನೆಗಳು ನಮ್ಮ ನಡುವೆ ಕಡಿಮೆಯಿಲ್ಲ. ದಿಕ್ಕು, ಮುಹೂರ್ತಗಳ ಭಯವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಅಲ್ಲಗಳೆದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಿಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಆ ವಾಸ್ತುವನ್ನಲ್ಲ. ಮನುಷ್ಯರು ಎಲ್ಲಿ ಕೂಡುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ, ಬಿಸಿಲು ಎಲ್ಲಿ ಬೀಳುತ್ತದೆ, ನೆರೆಯವರ ಮುಖ ಯಾವ ಹೊತ್ತಿಗೆ ಕಾಣುತ್ತದೆ ಎಂಬುದನ್ನು ಲೆಕ್ಕಹಾಕಿ ಊರನ್ನು ಯೋಜಿಸುವ ಶಾಸ್ತ್ರವಿದು.

ಮುಳುಗಡೆ ನಗರಿಗೆ ಬಂದ ವಾಸ್ತುಶಿಲ್ಪಿ

ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯು ಆಲಮಟ್ಟಿಯ ಹಿನ್ನೀರಿಗೆ ಭಾಗಶಃ ಮುಳುಗುವುದೆಂದು ಖಚಿತವಾದಾಗ, ಅಲ್ಲಿನ ಜನರಿಗಾಗಿ ಹೊಸ ಪಟ್ಟಣವನ್ನೇ ಕಟ್ಟುವುದೆಂದು ನಿರ್ಧಾರವಾಯಿತು. 1983ರ ಕಾಯ್ದೆಯ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದಿತು. ಹೊಸ ಪಟ್ಟಣದ ಯೋಜನೆಗೆ ಮುಖ್ಯ ವಾಸ್ತುಶಿಲ್ಪಿಯಾಗಿ ಚಾರ್ಲ್ಸ್ ಕೊರಿಯ ಅವರನ್ನು ಆರಿಸಲಾಯಿತು. ಇಂದು ನಾವು ನವನಗರವೆಂದು ಕರೆಯುವ ಊರು ಹುಟ್ಟಿದ್ದು ಹೀಗೆ.

1930ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿ 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಕೊರಿಯ ಅವರು ಸಾಬರಮತಿಯ ಗಾಂಧಿ ಸ್ಮಾರಕ ಸಂಗ್ರಹಾಲಯವನ್ನು ರೂಪಿಸಿದವರು. ಮುಂಬಯಿಯ ದಟ್ಟಣೆಯನ್ನು ಇಳಿಸಲು ಕೊಲ್ಲಿಯ ಆಚೆ ಹೊಸ ನಗರವನ್ನು ಕಟ್ಟಬೇಕೆಂದು 1960ರ ದಶಕದಲ್ಲಿ ಸೂಚಿಸಿದ ಮೂವರಲ್ಲಿ ಒಬ್ಬರು. ನವಿ ಮುಂಬಯಿ ಆ ಸೂಚನೆಯ ಫಲ. ಬಾಗಲಕೋಟೆಯ ಕೆಲಸ ಅವರ ಕೈಗೆ ಬಂದ ಕಾಲದಲ್ಲಿಯೇ, 1985ರಲ್ಲಿ, 'ದಿ ನ್ಯೂ ಲ್ಯಾಂಡ್‌ಸ್ಕೇಪ್' ಎಂಬ ಚಿಕ್ಕ ಪುಸ್ತಕವೂ ಪ್ರಕಟವಾಯಿತು. ಬಡದೇಶಗಳ ಪಟ್ಟಣಗಳನ್ನು ಹೇಗೆ ಕಟ್ಟಬೇಕೆಂಬ ಅವರ ಸಿದ್ಧಾಂತವು ಆ ಪುಸ್ತಕದಲ್ಲಿ ಅಡಕವಾಗಿದೆ. ಅದನ್ನು ಓದಿದರೆ ನಮ್ಮ ಕಡೆಯ ಹಳ್ಳಿಯ ಅಜ್ಜಿಯೊಬ್ಬಳು ಮನೆಯ ವಿಚಾರ ಹೇಳುತ್ತಿರುವಂತೆಯೇ ಭಾಸವಾಗುತ್ತದೆ.

ಅವರ ಮುಖ್ಯ ವಾದವು ಹೀಗಿದೆ. ಮನುಷ್ಯನಿಗೆ ಬೇಕಾದ ಜಾಗವು ನಾಲ್ಕು ಗೋಡೆಗಳ ಒಂದು ಕೋಣೆಯಲ್ಲಿ ಮುಗಿಯುವುದಿಲ್ಲ. ಅದು ನಾಲ್ಕು ಹಂತಗಳಲ್ಲಿ ಹರಡಿಕೊಂಡಿರುತ್ತದೆ. ಮೊದಲನೆಯದು ಕುಟುಂಬದ ಸ್ವಂತ ಜಾಗ: ಅಡುಗೆ, ನಿದ್ದೆ, ದವಸಧಾನ್ಯಗಳಿಗೆ. ಎರಡನೆಯದು ಬಾಗಿಲ ಮುಂದಿನ ಜಾಗ. ಮಕ್ಕಳು ಆಡುವುದು, ನೆರೆಯವರೊಡನೆ ಎರಡು ಮಾತಾಡುವುದು ಅಲ್ಲಿ. ಮೂರನೆಯದು ಕೇರಿಯವರೆಲ್ಲ ಕೂಡುವ ಬಾವಿಯ ಅಥವಾ ನಳದ ಸುತ್ತಲಿನ ಜಾಗ. ನಾಲ್ಕನೆಯದು ಇಡೀ ಊರಿಗೆ ಸೇರಿದ ಬಯಲು. ಈ ನಾಲ್ಕರಲ್ಲಿ ಒಂದು ಕಿರಿದಾದರೆ ಇನ್ನೊಂದನ್ನು ಹಿರಿದು ಮಾಡಿ ಸರಿದೂಗಿಸಬಹುದು. ಆದರೆ ಒಂದನ್ನು ಪೂರ್ತಿ ಅಳಿಸಿಹಾಕಿದರೆ ಉಳಿದ ಮೂರೂ ಸೊರಗುತ್ತವೆ. ಮನೆ ಚಿಕ್ಕದಿದ್ದವನು ಅಂಗಳದಲ್ಲಿ ಬಾಳಬಲ್ಲ. ಅಂಗಳವೂ ಇಲ್ಲದವನು ಕೋಣೆಯಲ್ಲಿ ಕೊಳೆಯುತ್ತಾನೆ.

ಇದರ ಜೊತೆಗೆ ಅವರು ಇನ್ನೊಂದು ಮಾತನ್ನು ಸೇರಿಸಿದರು. ನಮ್ಮಂಥ ಬೆಚ್ಚಗಿನ ನಾಡಿನಲ್ಲಿ ಆಕಾಶಕ್ಕೆ ತೆರೆದ ಅಂಗಳವೂ ಒಂದು ಕೋಣೆಯೇ. ಅಡುಗೆ, ನಿದ್ದೆ, ಅತಿಥಿಗಳೊಡನೆ ಹರಟೆ, ಮಕ್ಕಳ ಆಟ ಮೊದಲಾಗಿ ದಿನದ ಕೆಲಸಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ನಡೆದುಹೋಗುತ್ತದೆ. ಸಿಮೆಂಟು, ಕಬ್ಬಿಣಗಳ ಖರ್ಚಿಲ್ಲದ ಈ ಕೋಣೆಯನ್ನು ಕಳೆದುಕೊಂಡು, ದುಡ್ಡು ಸುರಿದು ಮಹಡಿಯ ಮೇಲೆ ಮಹಡಿ ಕಟ್ಟುವುದು ಬಡವರಿಗೆ ಮಾಡುವ ಅನ್ಯಾಯವೆಂದು ಅವರು ವಾದಿಸಿದರು. ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯ ನಟ್ಟನಡುವೆಯೂ ಅವರು ಆಕಾಶಕ್ಕೆ ತೆರೆದ ಅಂಗಳವನ್ನೇ ಇರಿಸಿದರು.

ಇದು ನಮ್ಮ ಮನೆಯದೇ ಲೆಕ್ಕ

ಈಗ ನಮ್ಮ ಸೀಮೆಯ ಒಂದು ಹಳೆಯ ಮೇಲ್ಮುದ್ದೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಲೆಬಾಗಿಲಿನ ಎರಡೂ ಮಗ್ಗುಲಿಗೆ ಹಾಸುಗಲ್ಲಿನ ಕಟ್ಟೆ. ಒಳಗೆ ಕಾಲಿಟ್ಟೊಡನೆ ತಗ್ಗಿನಲ್ಲಿ ದನಗಳು, ಅವುಗಳ ಮುಂದೆ ಗ್ವಾದಲಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಅದರಾಚೆ ಅಡುಗೆಮನೆ, ದೇವರ ಜಗಲಿ; ಮೇಲೆ ಬೆಳಕಿಂಡಿ. ಹಿಂದೆ ಹಿತ್ತಲು. ಮೇಲ್ಮುದ್ದೆಯ ಮೇಲೆ ಬೇಸಿಗೆಯ ಹಗಲು ಶಾವಿಗೆ, ಹಪ್ಪಳ, ಸಂಡಿಗೆ. ರಾತ್ರಿ ಅದೇ ಜಾಗದಲ್ಲಿ ಮನೆಮಂದಿಯ ಹಾಸಿಗೆ. ದಪ್ಪನೆಯ ಮಣ್ಣಿನ ಗೋಡೆಗಳು ವೈಶಾಖದ ಮಧ್ಯಾಹ್ನದ ಕಾವನ್ನು ಒಳಗೆ ಬಿಡದೆ ತಡೆಯುತ್ತವೆ. ಈ ಮನೆಯನ್ನು ಯಾವ ಎಂಜಿನಿಯರನೂ ಬರೆದುಕೊಡಲಿಲ್ಲ.

ಬಾಗಿಲ ಮುಂದಿನ ಆ ಕಟ್ಟೆಯನ್ನೇ ನೋಡಿರಿ. ಮುಂಜಾನೆ ಅದು ಹಿರಿಯರು ಬಿಸಿಲು ಕಾಯಿಸುವ ಸ್ಥಳ. ಹೊತ್ತೇರಿದ ಮೇಲೆ ಹೆಣ್ಣುಮಕ್ಕಳು ಜೋಳ ಹಸನು ಮಾಡುವುದು, ಕೌದಿ ಹೊಲಿಯುವುದು ಅಲ್ಲಿ. ಸಂಜೆ ಹೊಲದಿಂದ ಬಂದವನು ಕಾಲು ಚಾಚಿ ಕೂಡುವುದು ಅಲ್ಲಿ. ಹೊಸ ಸೊಸೆಗೆ ಓಣಿಯ ಪರಿಚಯವಾಗುವುದೂ, ಮನೆಯಲ್ಲಿ ಜಡ್ಡಾದರೆ ನೆರೆಯವರಿಗೆ ಗೊತ್ತಾಗುವುದೂ ಆ ಕಟ್ಟೆಯಿಂದಲೇ. ಅದು ಮನೆಯೊಳಗೂ ಅಲ್ಲ, ಬೀದಿಯೂ ಅಲ್ಲ. ಕೊರಿಯ ಹೇಳುವ ಎರಡನೆಯ ಜಾಗವೆಂದರೆ ಅದೇ. ಓಣಿಯ ತುದಿಯ ಬಾವಿ ಅವರ ಮೂರನೆಯ ಜಾಗ. ಅಗಸೆಯ ಮುಂದಿನ ಬಯಲು ನಾಲ್ಕನೆಯದು. ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುವುದು, ಜಾತ್ರೆಗೆ ತೇರು ನಿಲ್ಲುವುದು, ಮಠದ ಸ್ವಾಮಿಗಳ ಪ್ರವಚನಕ್ಕೆ ಜನ ಕೂಡುವುದು ಅಲ್ಲಿ. ಕೊರಿಯ ಇದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ನಮ್ಮಂಥ ಊರುಗಳನ್ನು ನೋಡಿ, ಅವುಗಳೊಳಗಿನ ಲೆಕ್ಕವನ್ನು ಬಿಡಿಸಿ ಬರೆದರು. ಅವರ ದೊಡ್ಡತನವಿರುವುದೂ ಅಲ್ಲಿಯೇ ಎಂದು ನಮ್ಮ ಭಾವನೆ.

ಹೀಗೆ ನಮ್ಮ ಹಳ್ಳಿಗಳನ್ನು ಲೆಕ್ಕವಿಟ್ಟು ನೋಡಿದವರು ಅವರೊಬ್ಬರೇ ಅಲ್ಲ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಿದ್ವಾಂಸರು ಗುಜರಾತಿನ ಹಳ್ಳಿಯೊಂದರಲ್ಲಿ ತಂಗಿ ಅಭ್ಯಾಸ ನಡೆಸಿ, 1964ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಒಂದು ಭಾರತೀಯ ಹಳ್ಳಿಗೆ ಬೇಕಾದವುಗಳನ್ನು 141 ಅಂಶಗಳಾಗಿ ಪಟ್ಟಿ ಮಾಡಿದರು. ಮುಂದೆ 1977ರಲ್ಲಿ ತಮ್ಮ ಸಂಗಡಿಗರೊಡನೆ ಹೊರತಂದ ಇನ್ನೊಂದು ಬೃಹದ್ಗ್ರಂಥದಲ್ಲಿ ಒಳ್ಳೆಯ ಊರು-ಮನೆಗಳ 253 ಲಕ್ಷಣಗಳನ್ನು ವಿವರಿಸಿದರು. ಅವುಗಳಲ್ಲೊಂದು ಮುಂಬಾಗಿಲ ಪಕ್ಕದ ಕಟ್ಟೆ! ಆರು ಅಡಿಗಿಂತ ಕಡಿಮೆ ಆಳದ ಬಾಲ್ಕನಿಯಲ್ಲಿ ಯಾರೂ ಕೂಡುವುದಿಲ್ಲವೆಂಬುದು ಇನ್ನೊಂದು. ಇಂದು ನಮ್ಮ ಪಟ್ಟಣಗಳಲ್ಲಿ ಮೂರಡಿಯ ಬಾಲ್ಕನಿ ಕಟ್ಟಿಸಿ, ಅದರಲ್ಲಿ ಅರಿವೆ ಒಣಹಾಕುವವರು ಈ ಮಾತನ್ನು ಗಮನಿಸಬೇಕು.

ಬೇಲಾಪುರದ ಏಳು ಮನೆಗಳು

ಸಿದ್ಧಾಂತವನ್ನು ಹೇಳುವುದು ಸುಲಭ, ಅದನ್ನು ನೆಲದ ಮೇಲೆ ತರುವುದು ಕಷ್ಟ. ಕೊರಿಯ ಅದನ್ನು ನವಿ ಮುಂಬಯಿಯ ಬೇಲಾಪುರದಲ್ಲಿ 1980ರ ದಶಕದಲ್ಲಿ ತಂದರು. ಅಲ್ಲಿ ಏಳು ಮನೆಗಳು ಒಂದು ಅಂಗಳದ ಸುತ್ತ ಕೂಡುತ್ತವೆ. ಅಂಗಳದ ಅಳತೆ 8 ಮೀಟರ್ ಉದ್ದ, 8 ಮೀಟರ್ ಅಗಲ. ಇಂಥ ಮೂರು ಗುಂಪುಗಳು, ಅಂದರೆ 21 ಮನೆಗಳು, 12 ಮೀಟರ್ ಚೌಕದ ಇನ್ನೊಂದು ಅಂಗಳಕ್ಕೆ ತೆರೆದುಕೊಳ್ಳುತ್ತವೆ. ಅಂಥ ಮೂರು ಸೇರಿ ಮತ್ತೂ ದೊಡ್ಡದೊಂದು ಅಂಗಳ. ಯಾವ ಮನೆಯೂ ನೆರೆಮನೆಯ ಗೋಡೆಗೆ ಆತುಕೊಂಡಿಲ್ಲ. ಆದಕಾರಣ ಒಬ್ಬನು ಮಗನ ಮದುವೆಗೆಂದು ಕೋಣೆ ಏರಿಸಿದರೆ ಇನ್ನೊಬ್ಬನ ಅಪ್ಪಣೆ ಬೇಕಾಗದು. ಬಡವನಿಗೂ ಉಳ್ಳವನಿಗೂ ಪ್ಲಾಟಿನ ಅಳತೆಯಲ್ಲಿ ಹೆಚ್ಚು ಅಂತರವನ್ನು ಇಡಲಿಲ್ಲ. ಚಿಕ್ಕದು 45 ಚದರ ಮೀಟರು, ದೊಡ್ಡದು 75ರ ಆಸುಪಾಸು. ಮುಂದೆ ಅಲ್ಲಿನ ಎಷ್ಟೋ ಮನೆಗಳನ್ನು ಅವುಗಳ ಒಡೆಯರು ಕೆಡವಿ, ಮಹಡಿ ಏರಿಸಿ, ಗುರುತು ಸಿಗದಂತೆ ಬದಲಿಸಿಕೊಂಡಿದ್ದಾರೆ. ಆದರೆ ಅಂಗಳಗಳು ಉಳಿದಿವೆ.

ಇಲ್ಲಿ ಒಂದು ಸಣ್ಣ ಗುಣಾಕಾರವನ್ನು ಮಾಡಿ ನೋಡೋಣ. ಮಾಮೂಲಿ ಲೇಔಟಿನ ಪ್ರಕಾರ 20 ಮನೆಗಳನ್ನು ರಸ್ತೆಯ ಎರಡೂ ಬದಿಗೆ ಹತ್ತು ಹತ್ತರಂತೆ ಇಟ್ಟರೆ, ಪ್ರತಿ ಪ್ಲಾಟಿನ ಮುಖ 9 ಮೀಟರ್ ಅಂದರೆ ಸುಮಾರು 30 ಅಡಿ ಇದ್ದರೆ, ರಸ್ತೆಯ ಉದ್ದ 90 ಮೀಟರಾಯಿತು. ರಸ್ತೆಯ ಅಗಲವೂ 9 ಮೀಟರ್ ಎಂದು ಹಿಡಿದರೆ 810 ಚದರ ಮೀಟರ್ ಜಾಗವು ರಸ್ತೆಗೇ ಹೋಯಿತು. ಬೇಲಾಪುರದ ಮಾದರಿಯಲ್ಲಿ 21 ಮನೆಗಳ ಮೂರು ಚಿಕ್ಕ ಅಂಗಳ, ಒಂದು ದೊಡ್ಡ ಅಂಗಳ ಸೇರಿ ಆಗುವುದು 336 ಚದರ ಮೀಟರ್. ಒಳದಾರಿಗಳಿಗೆ ಮತ್ತಷ್ಟು ಜಾಗ ಬೇಕೆಂಬುದು ನಿಜ. ಆದರೂ ಜಾಗದ ಅಭಾವದಿಂದಾಗಿ ಅಂಗಳ ಬಿಡಲಾಗಲಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ಹಾಗೆಂದು ಬೇಲಾಪುರವನ್ನು ಹಾಗೆಯೇ ತಂದು ಕೃಷ್ಣೆಯ ದಂಡೆಯಲ್ಲಿ ಇಳಿಸಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಯವರು ಪೇಟೆಯ ನೌಕರಿಯ ಜನ. ನಮ್ಮವರಿಗೆ ಎಮ್ಮೆಯುಂಟು, ಬಣವೆಯುಂಟು, ತಿಪ್ಪೆಯುಂಟು. ಜಮಖಂಡಿ-ಮುಧೋಳ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಮನೆಯವರೆಗೆ ಬರಬೇಕು, ತಿರುಗಬೇಕು. ಆದ್ದರಿಂದ ಮುಂದೆ ಅಂಗಳ, ಹಿಂದೆ ದನಕರುಗಳಿಗೂ ಗಾಡಿಗೂ ಸಾಕಾಗುವಷ್ಟು ಅಗಲದ ದಾರಿ, ಎಂಬ ಜೋಡಣೆ ನಮಗೆ ಹೊಂದೀತು. ಇನ್ನು ರಬಕವಿ-ಬನಹಟ್ಟಿಯ ನೇಕಾರ ಬಂಧುಗಳ ವಿಷಯ. ಅವರಿಗೆ ಮನೆಯೇ ಕಾಯಕದ ಸ್ಥಳ. ಮಗ್ಗದ ಸದ್ದು, ಮಗ್ಗಕ್ಕೆ ಬೇಕಾದ ಉದ್ದಗಲ, ಬೆಳಕು, ನೂಲು ಇಡುವ ಜಾಗ, ಕೈಮಗ್ಗದ ಹಾಸನ್ನು ಉದ್ದಕ್ಕೆ ಚಾಚಿ ಗಂಜಿ ಕೊಡಲು ನೆರಳಿನ ಓಣಿ, ಇವೆಲ್ಲ ಇಲ್ಲದ ಮನೆಯು ನೇಕಾರನಿಗೆ ಮನೆಯಾಗಲಾರದು. 'ವಸತಿ ವಲಯ', 'ಕೈಗಾರಿಕಾ ವಲಯ' ಎಂದು ನಕ್ಷೆಯಲ್ಲಿ ಎರಡು ಬಣ್ಣ ಬಳಿಯುವವರಿಗೆ ಈ ಸಂಗತಿ ಬೇಗನೆ ಹೊಳೆಯುವುದಿಲ್ಲ.

ನವನಗರದಲ್ಲಿ ಏನು ಬಂದಿತು, ಏನು ಬರಲಿಲ್ಲ

ನವನಗರದ ಬಗೆಗೆ ನಿಷ್ಠುರವಾಗಿ ಮಾತನಾಡುವುದು ಸುಲಭ. ನ್ಯಾಯವಾಗಿ ಮಾತನಾಡುವುದು ಅಗತ್ಯ. ನದಿಯ ಪೂರ ಮುಟ್ಟದ ಎತ್ತರದ ನೆಲ, ಅಗಲವಾದ ರಸ್ತೆಗಳು, ಕಚೇರಿ, ಶಾಲೆ, ಆಸ್ಪತ್ರೆಗಳಿಗೆ ಮೊದಲೇ ಕಾದಿರಿಸಿದ ಜಾಗ, ಇವು ಸಣ್ಣ ಸಾಧನೆಗಳಲ್ಲ. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ಉದಯವಾದಾಗ ಜಿಲ್ಲಾಡಳಿತಕ್ಕೆ ನೆಲೆಯಾಗಲು ಸಜ್ಜಾದ ಪಟ್ಟಣವೊಂದಿತ್ತು; ಹೊಸ ಜಿಲ್ಲೆಗಳೆಲ್ಲಕ್ಕೂ ಈ ಭಾಗ್ಯ ದೊರೆತಿರಲಿಲ್ಲ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಬಾಗಲಕೋಟೆಗೇ ಬಂದಿತು. 2011ರ ಜನಗಣತಿಯ ಹೊತ್ತಿಗೆ ಬಾಗಲಕೋಟೆ ನಗರದ ಜನಸಂಖ್ಯೆ 1 ಲಕ್ಷ 11 ಸಾವಿರವನ್ನು ದಾಟಿತ್ತು.

ಆದರೂ ನವನಗರದ ಮನೆಗಳ ವಿಳಾಸ ಕೇಳಿ ನೋಡಿರಿ. ಸೆಕ್ಟರ್ ಸಂಖ್ಯೆ ಇಷ್ಟು, ಪ್ಲಾಟ್ ಸಂಖ್ಯೆ ಇಷ್ಟು ಎಂಬ ಉತ್ತರ ಬರುತ್ತದೆ. ಹಳೆಯ ಬಾಗಲಕೋಟೆಯಲ್ಲಿ ವಿಳಾಸವೆಂದರೆ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ನಾಡಿಗೆಲ್ಲ ಹೆಸರಾದ ಬಾಗಲಕೋಟೆಯ ಹೋಳಿಯು ಈ ಪೇಟೆಗಳ ಹಬ್ಬ. ಯಾವ ಪೇಟೆಯವರು ಯಾವ ದಿನ ಬಣ್ಣದ ಬಂಡಿಗಳನ್ನು ಹೊರಡಿಸಬೇಕು, ಯಾರ ಹಲಗೆ ಎಲ್ಲಿಯವರೆಗೆ ಬಾರಿಸಬೇಕು ಎಂಬುದಕ್ಕೆಲ್ಲ ಸಂಪ್ರದಾಯವಿದೆ. ಬಂಡಿಯಲ್ಲಿ ಬ್ಯಾರೆಲುಗಳನ್ನಿಟ್ಟುಕೊಂಡು ಎದುರಾಎದುರು ಬಣ್ಣ ಎರಚಾಡಬೇಕಾದರೆ ಬೀದಿ ಇಕ್ಕಟ್ಟಾಗಿರಬೇಕು. ಮಾಳಿಗೆಯ ಮೇಲಿನ ಹೆಣ್ಣುಮಕ್ಕಳಿಗೆ ಬೀದಿಯಲ್ಲಿರುವವರ ಮುಖ ಕಾಣಬೇಕು. ಅಗಲ ರಸ್ತೆಯ ಸೆಕ್ಟರಿನಲ್ಲಿ ಆ ಮೋಜು ಹುಟ್ಟುವುದಿಲ್ಲ. ನವನಗರದವರೂ ಹೋಳಿ ಆಡುತ್ತಾರೆ. ಆದರೆ ಅದರ ಜೀವಾಳವು ಇನ್ನೂ ಹಳೆಯ ಪೇಟೆಗಳಲ್ಲಿಯೇ ಇದೆ. ವ್ಯಾಪಾರದ ಮಾತೂ ಅಷ್ಟೆ. ಸೀರೆಗೆ, ಬಂಗಾರಕ್ಕೆ, ಕಿರಾಣಿಗೆ ಜನ ಇಂದಿಗೂ ಹಳೆಯ ಊರಿಗೆ ಇಳಿಯುತ್ತಾರೆ.

ನಾಲ್ಕು ಹಂತಗಳ ಲೆಕ್ಕದಲ್ಲಿ ಹೇಳುವುದಾದರೆ, ನವನಗರಕ್ಕೆ ಮೊದಲನೆಯದೂ ನಾಲ್ಕನೆಯದೂ ಬಂದವು: ಮನೆಯೂ ಬಂದಿತು, ದೊಡ್ಡ ಬಯಲೂ ಬಂದಿತು. ನಡುವಿನ ಎರಡು ಸೊರಗಿದವು. ಇದರಲ್ಲಿ ಯೋಜಕರ ಪಾಲೆಷ್ಟು, ಪ್ಲಾಟು ಹಂಚುವಾಗಿನ ರೀತಿಯ ಪಾಲೆಷ್ಟು, ಕಂಪೌಂಡು ಗೋಡೆಯನ್ನು ಆಳೆತ್ತರ ಏರಿಸಿ ಗೇಟು ಹಾಕಿಕೊಂಡ ನಮ್ಮ ಪಾಲೆಷ್ಟು ಎಂಬುದು ಯೋಚಿಸತಕ್ಕ ಸಂಗತಿ. ನಮ್ಮ ಅಭಿಪ್ರಾಯದಲ್ಲಿ ಕೊನೆಯದು ಕಡಿಮೆಯದಲ್ಲ. ಕಟ್ಟೆಯನ್ನು ಒಡೆದು ಕಾರಿಗೆ ಜಾಗ ಮಾಡಿದವರು ಸರಕಾರದವರಲ್ಲ.

ಹಳ್ಳಿಗಳ ಪುನರ್ವಸತಿ ಕೇಂದ್ರಗಳಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಸರ್ವೆಯವರಿಗೆ ನೇರ ಗೆರೆ ಎಳೆಯುವುದು ಸುಲಭ. ಸಮಾನ ಪ್ಲಾಟು, ಸಮಾನ ರಸ್ತೆ, ಯಾರೂ ತಕರಾರು ಎತ್ತುವಂತಿಲ್ಲ. ಚೀಟಿ ಎತ್ತಿ ಹಂಚಿದರಂತೂ ಪಕ್ಷಪಾತದ ದೂರೂ ಇಲ್ಲ. ಆದರೆ ಆ ಚೀಟಿಯು ಮೂರು ತಲೆಮಾರಿನ ನೆರೆಹೊರೆಯನ್ನು ಒಂದು ಮಧ್ಯಾಹ್ನದಲ್ಲಿ ಚದುರಿಸುತ್ತದೆ. 2009ರ ಪ್ರವಾಹದ ನಂತರ 'ಆಸರೆ' ಯೋಜನೆಯಡಿ ದಾನಿಗಳೂ ಮಠಗಳೂ ಸರಕಾರದ ಜೊತೆಗೂಡಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳನ್ನು ಕಟ್ಟಿಸಿಕೊಟ್ಟರು. ಸದುದ್ದೇಶದ ಕಾರ್ಯವದು. ಆದರೂ ಹಲವೆಡೆ ಮನೆಗಳು ಬಾಗಿಲು ತೆರೆಯದೆ ಉಳಿದವು. 2019ರಲ್ಲಿ ನೀರು ಮತ್ತೆ ಬಂದಾಗ ಜನ ಇನ್ನೂ ಹಳೆಯ ಊರಿನಲ್ಲಿಯೇ ಇದ್ದರು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಎರೆಮಣ್ಣಿನಲ್ಲಿ ಗೋಡೆ ಬಿರಿಯಿತು, ನೀರಿನ ಅನುಕೂಲವಿಲ್ಲ ಎಂದು ಮುಂತಾಗಿ ಕಾರಣಗಳು ಹಲವು. ಇವುಗಳಲ್ಲಿ ಯಾವುದೂ ಹಟಮಾರಿತನವಲ್ಲ.

ನಕ್ಷೆ ತೋರಿಸುವ ದಿನ

ಇನ್ನು ಮುಂದೆ ಮಾಡಬೇಕಾದುದೇನು? 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯು ಈ ವಿಷಯದಲ್ಲಿ ನಮ್ಮ ಕೈಗೆ ಒಂದು ಒಳ್ಳೆಯ ಸಾಧನವನ್ನಿತ್ತಿದೆ. ಅದರ ಮೂರನೆಯ ಅನುಸೂಚಿಯಲ್ಲಿ ಪುನರ್ವಸತಿ ಕೇಂದ್ರದಲ್ಲಿ ಇರಲೇಬೇಕಾದ ಸೌಕರ್ಯಗಳ ಪಟ್ಟಿಯಿದೆ. ರಸ್ತೆ, ಚರಂಡಿ, ಕುಡಿಯುವ ನೀರುಗಳ ಜೊತೆಗೆ ದನಗಳಿಗೆ ಕುಡಿಯುವ ನೀರು, ಗೋಮಾಳ, ಮಕ್ಕಳಿಗೆ ಆಟದ ಬಯಲು, ಪ್ರತಿ 100 ಕುಟುಂಬಗಳಿಗೆ ಒಂದು ಸಮುದಾಯ ಭವನ ಎಂದೆಲ್ಲ ಅಲ್ಲಿ ಬರೆದಿದೆ. ಅದೇ ಪಟ್ಟಿಯಲ್ಲಿ, ಪ್ರತಿ 50 ಕುಟುಂಬಗಳಿಗೆ ಪೂಜಾಸ್ಥಳ ಮತ್ತು ಜನ ಕೂಡಲು ಚಾವಡಿ ಅಥವಾ ಮರದ ಕಟ್ಟೆ ಇರಬೇಕೆಂದೂ, ಅದರ ಅಳತೆಯು ಬಿಟ್ಟುಬಂದ ಊರಿನದಕ್ಕೆ ಅನುರೂಪವಾಗಿರಬೇಕೆಂದೂ ಇದೆ. ನಮ್ಮ ಓಣಿಯ ಕಟ್ಟೆಗೆ ದೇಶದ ಕಾಯ್ದೆಯಲ್ಲಿ ಸ್ಥಾನ ದೊರೆತಿದೆ ಎಂಬುದು ನಮ್ಮ ಎಷ್ಟು ಜನರಿಗೆ ತಿಳಿದಿದೆ?

ಪುನರ್ವಸತಿ ಯೋಜನೆಯ ಕರಡನ್ನು ಗ್ರಾಮಸಭೆಯಲ್ಲಿಟ್ಟು ಚರ್ಚಿಸಬೇಕು, ಸಾರ್ವಜನಿಕರ ಅಹವಾಲು ಆಲಿಸಬೇಕು ಎಂದೂ ಅದೇ ಕಾಯ್ದೆ ವಿಧಿಸುತ್ತದೆ. ಆ ದಿನ ಗಂಡಸರು ಮಾತ್ರ ಹೋಗಿ ದರದ ಮಾತನ್ನಾಡಿ ಬರಬಾರದು. ಕಟ್ಟೆ, ನಳ, ಹಿತ್ತಲುಗಳ ಲೆಕ್ಕ ತಿಳಿದಿರುವುದು ಮನೆಯ ತಾಯಂದಿರಿಗೆ. ಅವರು ಹೋಗಬೇಕು, ನಕ್ಷೆಯನ್ನು ಬಿಡಿಸಿ ತೋರಿಸಿರೆಂದು ಕೇಳಬೇಕು. ಒಬ್ಬೊಬ್ಬರ ಹೆಸರಿಗೆ ಚೀಟಿ ಎತ್ತುವ ಬದಲು, ಕೂಡಿ ಬಾಳಲೊಪ್ಪಿದ ಏಳೆಂಟು ಕುಟುಂಬಗಳ ಗುಂಪಿಗೆ ಒಂದು ಚೀಟಿಯಂತೆ ಹಂಚಿರೆಂದು ಕೇಳುವುದು ಸಾಧ್ಯ. ಇದರಿಂದ ಪಕ್ಷಪಾತವೂ ಆಗದು, ನೆರೆಯೂ ಒಡೆಯದು. ಈ ಗುಂಪು ಒಂದೇ ಕುಲದ, ಒಂದೇ ಪಂಗಡದ ಗುಂಪಾಗಬೇಕಿಲ್ಲ. ಹಳೆಯ ಊರಿನಲ್ಲಿ ಕಂಬಾರನ ಮನೆಯೂ ಹೂಗಾರನ ಮನೆಯೂ ನಮ್ಮ ಓಣಿಗೆ ಹೇಗೆ ಬೇಕಾಗಿತ್ತೋ ಹೊಸ ಊರಿಗೂ ಹಾಗೆಯೇ ಬೇಕು. ತೇರು ಎಳೆಯುವ ಬೀದಿ ಯಾವುದು, ಅದರ ತಿರುವಿನಲ್ಲಿ ತೇರಿನ ಗಾಲಿ ಹೊರಳುವಷ್ಟು ಜಾಗವಿದೆಯೇ, ವಿದ್ಯುತ್ ತಂತಿಯು ಎಷ್ಟು ಎತ್ತರದಲ್ಲಿ ಹಾಯುತ್ತದೆ ಎಂಬುದನ್ನು ಕಂಬ ನೆಡುವ ಮೊದಲೇ ಕೇಳಬೇಕು.

ನಮ್ಮ ಸಮಾಜಕ್ಕೆ ವಿಶೇಷವಾದ ಒಂದು ಸಂಗತಿ ರುದ್ರಭೂಮಿಯದು. ಹೂಳುವ ಪದ್ಧತಿಯುಳ್ಳ ನಮಗೆ ಅದಕ್ಕೆ ಸಾಕಷ್ಟು ವಿಸ್ತಾರದ, ನೀರು ನಿಲ್ಲದ, ಅಗೆಯಲು ಬರುವ ನೆಲ ಬೇಕು. ಬಂಡೆಯ ಮೇಲಿನ ಎರಡು ಗುಂಟೆ ಉಪಯೋಗಕ್ಕೆ ಬಾರದು. ಸ್ಮಶಾನಭೂಮಿಯೂ ಕಾಯ್ದೆಯ ಪಟ್ಟಿಯಲ್ಲಿದೆ, ಆದರೆ ಎಲ್ಲಿ, ಎಷ್ಟು ಎಂಬುದನ್ನು ನಾವೇ ನಿಂತು ಕೇಳಬೇಕಾಗುತ್ತದೆ. ಅಲ್ಲಿಗೆ ಹೋಗುವ ದಾರಿಯು ಮತ್ತೊಬ್ಬರ ಹೊಲದಲ್ಲಿ ಹಾಯುವಂತಿದ್ದರೆ ಆ ತಂಟೆ ತಲೆಮಾರುಗಟ್ಟಲೆ ಮುಗಿಯುವುದಿಲ್ಲ. ಹಿರಿಯರ ಗದ್ದುಗೆಗಳಿರುವ ಊರಿನವರು ಅವುಗಳ ವಿಚಾರವನ್ನೂ ಆ ಸಭೆಯಲ್ಲಿಯೇ ಎತ್ತುವುದು ಲೇಸು.

ಕಟ್ಟೆಯ ಅಳತೆಯು ಹಳೆಯ ಊರಿನದಕ್ಕೆ ಅನುರೂಪವಾಗಿರಬೇಕೆಂದು ಕಾಯ್ದೆ ಹೇಳುತ್ತದೆಯಷ್ಟೆ. ಆ ಹಳೆಯ ಅಳತೆಯನ್ನು ಬರೆದಿಟ್ಟವರು ಯಾರು? ಊರಿನ ತರುಣರು ಒಂದು ಟೇಪು, ಒಂದು ನೋಟುಬುಕ್ಕು ಹಿಡಿದು ಎರಡು ದಿನ ತಿರುಗಿದರೆ ಈ ಕೆಲಸ ಮುಗಿಯುತ್ತದೆ. ಅಗಸೆಯ ಮುಂದಿನ ಬಯಲು ಎಷ್ಟು ಗುಂಟೆ, ಬೇವಿನ ಮರದ ಕಟ್ಟೆ ಎಷ್ಟು ಅಡಿ, ಎಷ್ಟು ಮನೆಗಳಿಗೆ ಒಂದು ಬಾವಿ, ಯಾವ ಮನೆಗೆ ಯಾವ ನೆರೆ, ದನಗಳು ನೀರಿಗೆ ಇಳಿಯುವ ದಾರಿ ಎಷ್ಟು ಅಗಲ, ಇದನ್ನೆಲ್ಲ ಗುರುತು ಹಾಕಿ, ಚಿತ್ರ ತೆಗೆದು, ಹಿರಿಯರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಇನ್ನೊಂದು ಪ್ರತಿ ಮಠದಲ್ಲಿರಲಿ.